ವೈಫೈ ಪಾಸ್‌ವರ್ಡ್ ಕಳೆದುಹೋದರೆ ಗೂಗಲ್‌ನಲ್ಲಿ ಸಹಾಯವಾಣಿ ಹುಡುಕಬೇಡಿ. ನಮ್ಮ ಮನೆಯಲ್ಲಿ 44,300 ರೂಪಾಯಿ ಹೋಯಿತು

ಇದು ಕಳೆದ ಅಕ್ಟೋಬರ್‌ನಲ್ಲಿ ಉಡುಪಿಯ ಕುಂಜಿಬೆಟ್ಟಿನ ನಮ್ಮ ಮನೆಯಲ್ಲಿ ಆದದ್ದು. ನಾಚಿಕೆಯಾಗಿ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಮೊನ್ನೆ ನಮ್ಮ ಓಣಿಯ ನಿವೃತ್ತ ಮಾಸ್ಟ್ರೊಬ್ಬರಿಗೂ ಹೀಗೆಯೇ ಆಗಿದೆ ಅಂತ ಗೊತ್ತಾಯಿತು. ನಾನು ಮೊದಲೇ ಬಾಯಿಬಿಟ್ಟಿದ್ದರೆ ಅವರ ದುಡ್ಡಾದರೂ ಉಳಿಯುತ್ತಿತ್ತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಆ ತಿಂಗಳ ಮೊದಲ ವಾರದ ಸಿಡಿಲಿಗೆ ನಮ್ಮ ಮೋಡೆಮ್ ಸುಟ್ಟುಹೋಗಿತ್ತು. ಕರಾವಳಿಯವರಿಗೆ ಇದೇನು ಹೊಸತಲ್ಲ. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುತ್ತೇವೆ, ಒಂದು ದಿನ ಮರೆತರೆ ಮುಗಿಯಿತು. ಕೇಬಲಿನ ಹುಡುಗ ಬಂದು ಹೊಸ ಮೋಡೆಮ್ ಹಾಕಿದ. ನಮ್ಮ ಫೋನುಗಳಿಗೆ ವೈಫೈ ಕೊಟ್ಟ. ಪಾಸ್‌ವರ್ಡನ್ನು ಹೊಸ ಮೋಡೆಮ್ ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಬರೆದಿಟ್ಟು ಹೋದ. ಎರಡು ವಾರದಲ್ಲಿ ಆ ಪೆಟ್ಟಿಗೆ ಗುಜರಿಗೆ ಹೋಯಿತು.

ಪಾಸ್‌ವರ್ಡ್ ಬೇಕಾದದ್ದು ಅಪ್ಪನ ಲ್ಯಾಪ್‌ಟಾಪಿಗೆ. 2012ರಲ್ಲಿ ತೆಗೆದುಕೊಂಡದ್ದು, ವಿಂಡೋಸ್ 7. ಅಪ್ಪ ತಾಳಮದ್ದಳೆಯಲ್ಲಿ, ಅಂದರೆ ವೇಷ ಹಾಕದೆ ಕೂತು ಆಡುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುವವರು. ಕರ್ಣನ ಅರ್ಥ, ವಾಲಿಯ ಅರ್ಥ ಅಂತ ಎಷ್ಟೋ ವರ್ಷದ ಟಿಪ್ಪಣಿಗಳನ್ನು ಅದರಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ. ಮಂಗಳೂರಿನ ಗೆಳೆಯರೊಬ್ಬರು ಅವನ್ನು ಕೇಳಿದ್ದರು. ಪೆನ್‌ಡ್ರೈವ್‌ನಲ್ಲಿ ತೆಗೆದು ನಾನೇ ಕಳಿಸಬಹುದಿತ್ತು. ಆದರೆ ಅಪ್ಪನಿಗೆ ತಾನೇ ಕೂತು, ಒಂದೊಂದು ಪುಟ ತಿದ್ದಿ ಕಳಿಸಬೇಕು. ಆ ಆಸೆ ತಪ್ಪೇನಲ್ಲ ಅಲ್ವಾ?

ಅವತ್ತು ಭಾನುವಾರ. ಕೇಬಲಿನ ಹುಡುಗ ಫೋನ್ ಎತ್ತಲಿಲ್ಲ. ಸಂಬಂಧಿಕರೊಬ್ಬರು ಹೇಳಿದರು, "ಹಿಂದೆ ಸಣ್ಣ ತೂತು ಉಂಟಲ್ಲ, ಪಿನ್ ಹಾಕಿ ಒತ್ತು. ಕೆಳಗಿನ ಸ್ಟಿಕ್ಕರಿನಲ್ಲಿರುವ ಪಾಸ್‌ವರ್ಡೇ ವಾಪಸ್ ಬರ್ತದೆ." ಅಮ್ಮನ ಸೆರಗಿನ ಪಿನ್ನು ತೆಗೆದು ಹತ್ತು ಸೆಕೆಂಡ್ ಒತ್ತಿ ಹಿಡಿದೆ. ದೀಪಗಳೆಲ್ಲ ಒಟ್ಟಿಗೆ ಆರಿದವು. ಆಮೇಲೆ ಒಂದೊಂದಾಗಿ ಹತ್ತಿದವು, ಇಂಟರ್ನೆಟ್ಟಿನ ದೀಪ ಒಂದನ್ನು ಬಿಟ್ಟು. ಸ್ಟಿಕ್ಕರಿನ ಪಾಸ್‌ವರ್ಡ್ ಹಾಕಿದರೆ ವೈಫೈ ಏನೋ ಸಿಕ್ಕಿತು. ಆದರೆ ಯಾವ ಫೋನಿನಲ್ಲೂ ನೆಟ್ ಇಲ್ಲ.

ಆಗ ಗೊತ್ತಿರಲಿಲ್ಲ, ಈಗ ಗೊತ್ತು. ಮೋಡೆಮಿನೊಳಗೆ ಇರುವುದು ವೈಫೈ ಪಾಸ್‌ವರ್ಡ್ ಮಾತ್ರ ಅಲ್ಲ. ಸಂಪರ್ಕ ಕೊಟ್ಟ ಕಂಪನಿ ನಮ್ಮ ಹೆಸರಿಗೆ ಅಂತ ಕೊಟ್ಟ ಬೇರೆಯೇ ಒಂದು ಯೂಸರ್ ನೇಮ್, ಪಾಸ್‌ವರ್ಡ್ ಹೆಚ್ಚಿನ ಕಡೆ ಅದರಲ್ಲೇ ಇರುತ್ತದೆ. ಕೇಬಲಿನವರು ಅದಕ್ಕೆ ಪಿಪಿಪಿಒಇ ಅನ್ನುತ್ತಾರೆ. ರೀಸೆಟ್ ಒತ್ತಿದರೆ ಅದೂ ಅಳಿಸಿಹೋಗುತ್ತದೆ. ಅದು ನಮ್ಮ ಹತ್ತಿರ ಬರೆದಿಟ್ಟದ್ದಿಲ್ಲದಿದ್ದರೆ ಅವರೇ ಬಂದು ತುಂಬಬೇಕು. ಹಾಗಾಗಿ ಆ ತೂತಿಗೆ ದಯವಿಟ್ಟು ಪಿನ್ ಹಾಕಬೇಡಿ.

ಮನೆಯ ನೆಟ್ಟೇ ಹೋಯಿತು ಅಂತ ಗಾಬರಿಯಾಯಿತು. ಮೊಬೈಲ್ ಡೇಟಾ ಹಾಕಿ, ಕಂಪನಿಯ ಹೆಸರಿನ ಜೊತೆ ಕಸ್ಟಮರ್ ಕೇರ್ ನಂಬರ್ ಅಂತ ಹುಡುಕಿದೆ. ಮೊದಲು ಸಿಕ್ಕಿದ್ದು ಹತ್ತಂಕಿಯ ಒಂದು ಮೊಬೈಲ್ ನಂಬರ್. ಅದಕ್ಕೇ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಯಾವ ಸಹಾಯವಾಣಿ ಭಾನುವಾರ ಒಂದೇ ರಿಂಗಿಗೆ ಎತ್ತುತ್ತದೆ? ಆಗ ಅದು ಹೊಳೆಯಲಿಲ್ಲ.

ಆತ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ರೀಸೆಟ್ ಮಾಡಿದ್ದರಿಂದ ನಿಮ್ಮ ಮೋಡೆಮಿನ ನೋಂದಣಿ ರದ್ದಾಗಿದೆ, ಹತ್ತು ನಿಮಿಷದಲ್ಲಿ ಸರಿಮಾಡುತ್ತೇನೆ ಅಂದ. ರೀಸೆಟ್ ಮಾಡಿದ್ದು ನಾನೇ ಹೇಳಿದ್ದು. ಅದನ್ನೇ ತಿರುಗಿಸಿ ಹೇಳಿದಾಗ, ಇವನಿಗೆ ಎಲ್ಲ ಗೊತ್ತಿದೆ ಅನಿಸಿತು. ಒಂದು ಆ್ಯಪ್ ಹಾಕಿಕೊಳ್ಳಿ ಅಂದ. ನಮ್ಮ ಫೋನಿನ ಪರದೆಯನ್ನು ದೂರದಲ್ಲಿ ಕೂತವರು ನೋಡಬಹುದಾದ ಆ್ಯಪ್ ಅದು. ಆ್ಯಪ್ ಏನೋ ಸಾಚಾ, ಕಚೇರಿಗಳಲ್ಲೂ ಬಳಸುತ್ತಾರೆ. ಅದರಲ್ಲಿ ಬಂದ ಒಂಬತ್ತಂಕಿಯ ಸಂಖ್ಯೆಯನ್ನು ಅವನಿಗೆ ಓದಿ ಹೇಳಿದೆ. ಅಷ್ಟೇ, ನನ್ನ ಫೋನಿನಲ್ಲಿ ಕಾಣುವುದೆಲ್ಲ ಅವನಿಗೂ ಕಾಣತೊಡಗಿತು.

ನೋಂದಣಿಗೆ 10 ರೂಪಾಯಿ ಅಂತ ಒಂದು ಲಿಂಕ್ ಕಳಿಸಿದ. ಡೆಬಿಟ್ ಕಾರ್ಡಿನ ನಂಬರ್, ಹಿಂದಿನ ಮೂರು ಅಂಕಿ, ಎಲ್ಲ ತುಂಬಿದೆ. 10 ರೂಪಾಯಿಗೆ ಯಾರು ಹೆದರುತ್ತಾರೆ? ಒಟಿಪಿಯನ್ನು ಅವನು ಕೇಳಲೇ ಇಲ್ಲ. ಕೇಳಿದ್ದರೆ ಖಂಡಿತ ಹೇಳುತ್ತಿರಲಿಲ್ಲ. ಮೆಸೇಜ್ ಪರದೆಯ ಮೇಲೆ ಇಳಿದು ಬರುತ್ತಿತ್ತು, ಅವನು ಅಲ್ಲಿಂದಲೇ ಓದಿಕೊಳ್ಳುತ್ತಿದ್ದ.

ಪಕ್ಕದಲ್ಲಿ ಕೂತಿದ್ದ ಅಮ್ಮ ಕೇಳಿದರು, "ಎಂತ ಅದು, ಬ್ಯಾಂಕಿನ ಮೆಸೇಜ್ ಮೇಲಿಂದ ಮೇಲೆ ಬರ್ತಾ ಉಂಟು?" ಆತ ಲೈನ್ ಕಟ್ ಮಾಡಬೇಡಿ, ಕಟ್ ಮಾಡಿದರೆ ಮೊದಲಿಂದ ಮಾಡಬೇಕಾಗುತ್ತದೆ ಅನ್ನುತ್ತಲೇ ಇದ್ದ. ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು. "ಸರಿ ಇಲ್ಲ ಇದು, ಇಡು ಫೋನ್." ಅಷ್ಟರಲ್ಲಿ ಒಮ್ಮೆ 24,500, ಮತ್ತೊಮ್ಮೆ 19,800 ಹೋಗಿತ್ತು. ಅಮ್ಮ ಇಲ್ಲದಿದ್ದರೆ ಖಾತೆಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಆಮೇಲೆ ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿದೆ. ನೆಟ್ ಇಲ್ಲದಿದ್ದರೆ ಅವನಿಗೆ ಏನೂ ಕಾಣುವುದಿಲ್ಲ. ಅಮ್ಮನ ಫೋನಿಂದ ಕಾರ್ಡಿನ ಹಿಂದೆ ಅಚ್ಚಾಗಿರುವ ಬ್ಯಾಂಕಿನ ನಂಬರಿಗೆ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿದೆ. ಮತ್ತೆ 1930. ಇದು ಆನ್‌ಲೈನ್ ಹಣದ ಮೋಸಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ. ನಾವು ತಿಳಿಸಿದ ಕೂಡಲೇ ಹಣ ಯಾವ ಬ್ಯಾಂಕಿಗೆ ಹೋಗಿದೆಯೋ ಅಲ್ಲಿಗೆ ಸುದ್ದಿ ಹೋಗುತ್ತದೆ. ಕಳ್ಳ ತೆಗೆದುಕೊಳ್ಳುವ ಮೊದಲು ಸುದ್ದಿ ಮುಟ್ಟಿದರೆ ಹಣ ಅಲ್ಲೇ ನಿಲ್ಲುತ್ತದೆ. ನನಗೆ ಹಾಗೆ 19,800 ನಿಂತಿತು. ನ್ಯಾಯಾಲಯದ ಆದೇಶವಾಗಿ ಅದು ಕೈಗೆ ಬರುವಾಗ ತಿಂಗಳುಗಳೇ ಹಿಡಿದವು. 24,500 ಇವತ್ತಿಗೂ ಸಿಕ್ಕಿಲ್ಲ. ಆ್ಯಪನ್ನು ಕಿತ್ತುಹಾಕಿ, ಬೇರೆ ಫೋನಿಂದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿದ ಮೇಲೆ, ಮರುದಿನ ಉಡುಪಿಯ ಸೆನ್ ಪೊಲೀಸ್ ಠಾಣೆಗೆ (ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಠಾಣೆ) ಹೋಗಿ ದೂರು ಕೊಟ್ಟೆ.

ಬ್ಯಾಂಕ್ ಕೊಡುವುದಿಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂತಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬರುವುದಿಲ್ಲ. ಆದರೆ ಕಾರ್ಡಿನ ವಿವರವನ್ನು ನಾವೇ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ನನ್ನದು ಈ ಎರಡನೆಯದು.

ಸೋಮವಾರ ಕೇಬಲಿನ ಹುಡುಗ ಬಂದ. ಐದು ನಿಮಿಷದಲ್ಲಿ ನೆಟ್ ಬಂತು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಮತ್ತೆ ನನ್ನ ಫೋನ್ ಹಿಡಿದು ಅವನು ತೋರಿಸಿದ್ದು ನೋಡಿ ಅಳು ಬಂತು. ಪಾಸ್‌ವರ್ಡ್ ಅಷ್ಟು ದಿನವೂ ನನ್ನ ಕೈಯಲ್ಲೇ ಇತ್ತು.

ಆಂಡ್ರಾಯ್ಡ್ 10 ಅಥವಾ ಅದರ ಮೇಲಿನದ್ದಾದರೆ, ಸೆಟ್ಟಿಂಗ್ಸ್‌ನಲ್ಲಿ ವೈಫೈಗೆ ಹೋಗಿ, ಸೇರಿಕೊಂಡಿರುವ ಹೆಸರನ್ನು ಒತ್ತಿ, ಶೇರ್ ಅನ್ನಿ. ಬೆರಳಚ್ಚು ಕೇಳುತ್ತದೆ. ಒಂದು ಕ್ಯೂಆರ್ ಚೌಕ ಬರುತ್ತದೆ. ಎಷ್ಟೋ ಫೋನುಗಳಲ್ಲಿ ಅದರ ಕೆಳಗೇ ಪಾಸ್‌ವರ್ಡ್ ಬರೆದಿರುತ್ತದೆ. ಇಲ್ಲದಿದ್ದರೆ ಆ ಚೌಕವನ್ನು ಇನ್ನೊಂದು ಫೋನಿನ ಸ್ಕ್ಯಾನರ್ ಆ್ಯಪಿನಲ್ಲಿ ಓದಿಸಿ. ಬರುವ ಸಾಲಿನಲ್ಲಿ ಇಂಗ್ಲಿಷಿನ ಪಿ ಅಕ್ಷರ, ಎರಡು ಚುಕ್ಕಿ, ಅದರ ಮುಂದೆ ಅರ್ಧವಿರಾಮದ (;) ತನಕ ಇರುವುದೇ ಪಾಸ್‌ವರ್ಡ್. ಅದಕ್ಕೇ ಆ ಚೌಕದ ಫೋಟೋವನ್ನು ಯಾರಿಗೂ ವಾಟ್ಸಾಪ್ ಮಾಡಬೇಡಿ. ಐಫೋನ್‌ನಲ್ಲಿ ಐಒಎಸ್ 16ರಿಂದ ಪಾಸ್‌ವರ್ಡ್ ನೇರವಾಗಿ ಕಾಣುತ್ತದೆ. ಮೊದಲೇ ವೈಫೈಗೆ ಸೇರಿರುವ ವಿಂಡೋಸ್ ಕಂಪ್ಯೂಟರ್ ಇದ್ದರೆ ನೆಟ್‌ವರ್ಕ್ ಅಂಡ್ ಶೇರಿಂಗ್ ಸೆಂಟರ್‌ನಲ್ಲಿ ವೈಫೈ ಹೆಸರು, ವೈರ್‌ಲೆಸ್ ಪ್ರಾಪರ್ಟೀಸ್, ಸೆಕ್ಯುರಿಟಿ, ಕೊನೆಗೆ ಷೋ ಕ್ಯಾರೆಕ್ಟರ್ಸ್. ಅಲ್ಲಿಯೂ ಸಿಗುತ್ತದೆ.

ಇನ್ನೂ ಬೇಸರದ ವಿಷಯ ಅಂದರೆ, ಅಪ್ಪನ ಕೆಲಸಕ್ಕೆ ಪಾಸ್‌ವರ್ಡೇ ಬೇಕಿರಲಿಲ್ಲ. ಹಳೇ ಲ್ಯಾಪ್‌ಟಾಪಿನ ಬದಿಯಲ್ಲಿ ಲ್ಯಾನ್ ಕೇಬಲ್ ಚುಚ್ಚುವ ಜಾಗ ಇರುತ್ತದೆ. ಮೋಡೆಮಿನಿಂದ ಅಲ್ಲಿಗೆ ಒಂದು ಕೇಬಲ್ ಎಳೆದರೆ ನೆಟ್ ಬಂದೇ ಬಿಡುತ್ತದೆ.

ವೈಫೈಯೇ ಬೇಕು ಅಂದರೆ ಹಳೇ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ನಮ್ಮ ಮೋಡೆಮ್ ವೈಫೈಯನ್ನು 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡಿನಲ್ಲಿ ಬಿಡುತ್ತದೆ, ಅಪ್ಪನದ್ದಕ್ಕೆ 2.4ರದ್ದು ಮಾತ್ರ ಸಿಗುತ್ತದೆ. ನಾನು ಹುಡುಕುತ್ತಿದ್ದದ್ದು ಕೊನೆಗೆ 5ಜಿ ಅಂತಿರುವ ಹೆಸರು, ಅದು 5 ಗಿಗಾಹರ್ಟ್ಸಿನದ್ದು. ಪಾಸ್‌ವರ್ಡ್ ಕೈಯಲ್ಲಿದ್ದರೂ ಆ ಹೆಸರು ಅದರಲ್ಲಿ ಕಾಣುತ್ತಲೇ ಇರಲಿಲ್ಲ. ಮೋಡೆಮಿನಲ್ಲಿ ವೈಫೈಯ ಭದ್ರತೆ ಡಬ್ಲ್ಯುಪಿಎ3 ಅಂತ ಮಾತ್ರ ಇದ್ದರೆ ಆಗಲೂ ವಿಂಡೋಸ್ 7 ಸೇರುವುದಿಲ್ಲ, ಅದಕ್ಕಿಂತ ಹಳೆಯ ಡಬ್ಲ್ಯುಪಿಎ2 ಇರಬೇಕು. ಹುಡುಗ ಎರಡನ್ನೂ ಸರಿಮಾಡಿಕೊಟ್ಟ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟಿನ ಬೆಂಬಲ ನಿಂತಿದೆ. ಹಾಗಾಗಿ ಅದರಲ್ಲಿ ಬರೆಯುವುದು, ಕಳಿಸುವುದು ಮಾತ್ರ. ಬ್ಯಾಂಕಿನ ಕೆಲಸ ಏನೂ ಇಲ್ಲ.

ಈಗ ಮೋಡೆಮಿನ ಪಕ್ಕದ ಗೋಡೆಯಲ್ಲಿ ಅಪ್ಪ ದಪ್ಪ ಅಕ್ಷರದಲ್ಲಿ ಬರೆದ ರಟ್ಟು ನೇತಾಡುತ್ತಿದೆ. ಬಿಲ್ಲಿನಿಂದ ಇಳಿಸಿಕೊಂಡ ಕಂಪನಿಯ ನಂಬರ್, ಕೇಬಲಿನ ಹುಡುಗನ ನಂಬರ್, ಕೆಳಗೆ 1930. ವೈಫೈ ಪಾಸ್‌ವರ್ಡ್ ಮಾತ್ರ ಕಪಾಟಿನೊಳಗೆ, ಅಮ್ಮನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿದೆ.