ಗಮಕ ವಾಚನಕ್ಕೆ ಕಾಲರ್ ಮೈಕ್: ಬಹುಕಾಲದ ಬಳಕೆಯ ನಂತರ

ಗದುಗಿನಲ್ಲಿ ವಾರಕ್ಕೊಮ್ಮೆ ನಡೆಯುವ ನಮ್ಮ ಕುಮಾರವ್ಯಾಸ ಭಾರತ ವಾಚನಕ್ಕಾಗಿ ಹುಬ್ಬಳ್ಳಿಯಿಂದ ತಂದ ಈ ವೈರ್‌ಲೆಸ್ ಕಾಲರ್ ಮೈಕಿನ ಬ್ಯಾಟರಿ, ವ್ಯಾಪ್ತಿ ಮುಂತಾದ ವಿವರಗಳು ಡಬ್ಬಿಯ ಮೇಲೆಯೇ ಇವೆ. ನನ್ನ ತಕರಾರು ಒಂದೇ: ಇದು ಸಕಾರ, ಶಕಾರಗಳನ್ನು ನುಂಗುತ್ತದೆ. ಧ್ವನಿಮುದ್ರಣದಲ್ಲಿ ರಾಗ ತುಂಬಿ ಬರುತ್ತದೆ, ಆದರೆ ‘ಕೇಶವ’ ಎಂಬುದು ಬಾಯಿಗೆ ಶಲ್ಯ ಮುಚ್ಚಿಕೊಂಡು ಹೇಳಿದಂತೆ ಕೇಳಿಸುತ್ತದೆ.

ಆದರೂ ದೋಷವನ್ನೆಲ್ಲ ಯಂತ್ರದ ಮೇಲೆ ಹೊರಿಸುವುದು ನ್ಯಾಯವಲ್ಲ. ನಮ್ಮ ಧ್ವನಿ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಹರಡುವುದಿಲ್ಲ. 100 ಹರ್ಟ್ಸಿನ ಮಂದ್ರ ಸ್ವರದ ಅಲೆ ಸುಮಾರು ಮೂರೂವರೆ ಮೀಟರ್ ಉದ್ದವಿರುವುದರಿಂದ ತಲೆಯನ್ನು ಬಳಸಿಕೊಂಡು ಬೆನ್ನ ಹಿಂದಕ್ಕೂ ಹೋಗುತ್ತದೆ; 8000 ಹರ್ಟ್ಸಿನ ಅಲೆಯಾದರೋ ನಾಲ್ಕು ಸೆಂಟಿಮೀಟರಿನಷ್ಟೇ, ಅದಕ್ಕೆ ತಲೆಯೇ ಅಡ್ಡಗೋಡೆಯಾಗಿ, ಬಹುಪಾಲು ಬಾಯಿಯ ನೇರಕ್ಕೇ ಸಾಗುತ್ತದೆ. ಸಕಾರದ ಸತ್ವವಿರುವುದು ಈ ಎತ್ತರದ ಕಂಪನಗಳಲ್ಲಿಯೇ. ನನ್ನ ಹಿಂದೆ ಕುಳಿತವರಿಗೆ ಧಾಟಿ ತಿಳಿದರೂ ಪದ ತಿಳಿಯದಿರುವುದಕ್ಕೆ ಕಾರಣ ಇದು. ಗದ್ದದ ಕೆಳಗೆ, ಎದೆಯ ಮೇಲಿರುವ ಮೈಕಿನ ಪಾಡೂ ಹೆಚ್ಚುಕಡಿಮೆ ಅದೇ. 1939ರಲ್ಲಿಯೇ ಡನ್ ಮತ್ತು ಫಾರ್ನ್ಸ್‌ವರ್ತ್ ಎಂಬ ಸಂಶೋಧಕರು ಮಾತನಾಡುವವರ ತಲೆಯ ಸುತ್ತಲಿನ ಧ್ವನಿಯ ಒತ್ತಡವನ್ನು ಅಳೆದು ಪ್ರಕಟಿಸಿದ್ದರೆಂದ ಮೇಲೆ, ಡಬ್ಬಿಯ ಮೇಲೆ ‘ಸ್ಫಟಿಕದಂಥ ಸ್ಪಷ್ಟತೆ’ ಎಂದು ಅಚ್ಚು ಹಾಕುವವರು ಸ್ವಲ್ಪ ನಾಚಬೇಕಿತ್ತು.

ವಾಚನಕ್ಕೆ ಮೊದಲು ಫೋಮಿನ ಟೋಪಿಯನ್ನು ಊದಿ ಧೂಳು ತೆಗೆಯುತ್ತೇನೆ. ಶಲ್ಯದ ಅಂಚು ತಾಗದ ಹಾಗೆ ಅಂಗಿಯ ಮೇಲಿನ ಗುಂಡಿಯ ಬಳಿ ಮೈಕನ್ನು ಸಿಕ್ಕಿಸಿ, ಫ್ಯಾನ್ ಆರಿಸಿ, ಶ್ರುತಿಪೆಟ್ಟಿಗೆಗೆ ಷಡ್ಜ ಹೊಂದಿಸಿಕೊಂಡು ಒಂದು ಷಟ್ಪದಿಯನ್ನು ಮೆಲ್ಲಗೆ ಹೇಳಿ ನೋಡುತ್ತೇನೆ. ಈ ಮೈಕಿನ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇಲ್ಲಿಯೇ. ವ್ಯಾಸಪೀಠದ ಮೇಲಿನ ಪುಸ್ತಕದತ್ತ ತಲೆ ಬಾಗಿಸಿ ಓದುವಾಗ ಬಾಯಿ ತಾನಾಗಿಯೇ ಎದೆಯ ಕಡೆಗೆ ತಿರುಗುವುದರಿಂದ, ಕಳೆದುಹೋಗಿದ್ದ ಶಕಾರಗಳು ಬಹುಮಟ್ಟಿಗೆ ಮರಳುತ್ತವೆ. ಉಳಿದ ಕೊರತೆಯನ್ನು ಆಂಪ್ಲಿಫೈಯರಿನ ಟ್ರೆಬಲ್ ಸ್ವಲ್ಪ ಏರಿಸಿ ತುಂಬಿಕೊಳ್ಳಬಹುದು.

ವ್ಯಾಖ್ಯಾನಕಾರರಿಗೆ ಮಾತ್ರ ಇದು ಹೊಂದುವುದಿಲ್ಲ. ಅವರು ತಲೆಯೆತ್ತಿ, ಒಮ್ಮೆ ಸಭೆಯ ಕಡೆಗೆ, ಒಮ್ಮೆ ನನ್ನ ಕಡೆಗೆ ತಿರುಗಿ ಮಾತನಾಡುತ್ತಾರೆ. ಮುಖ ತಿರುಗಿದರೂ ಅಂಗಿ ತಿರುಗುವುದಿಲ್ಲವಾದ್ದರಿಂದ ಮಾತಿನ ಹೊಳಪು ಬಂದು ಹೋಗುತ್ತಿರುತ್ತದೆ. ಅಂಥವರು ಕಿವಿಗೆ ಸಿಕ್ಕಿಸಿಕೊಳ್ಳುವ, ತಲೆಯೊಂದಿಗೇ ತಿರುಗುವ ಮೈಕನ್ನು ಕೊಳ್ಳುವುದು ಲೇಸು. ಪಿಂಚಣಿಯ ಲೆಕ್ಕದಲ್ಲಿ ಖರ್ಚು ಮಾಡುವ ನನಗೆ ಇದೇ ಸಾಕು.

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಒಂದನ್ನು ಕಡಿದದ್ದು ಶಕಾರಕ್ಕಾಗಿ ಅಲ್ಲ, ಸಡಿಲಾದ ಕ್ಲಿಪ್ಪಿಗಾಗಿ. ಬಿಡಿ ಕ್ಲಿಪ್ ಸಿಗದೆ ಈಗ ಮೈಕನ್ನು ಪಿನ್ನು ಚುಚ್ಚಿ ನಿಲ್ಲಿಸುತ್ತಿದ್ದೇನೆ.