ಜೂನ್‌ನಲ್ಲಿ ಹುಟ್ಟಿದವರಿಗೆ ಮುತ್ತೋ, ಚಂದ್ರಕಾಂತವೋ? ಹಾಕಿ ನೋಡಿ ಬರೆದದ್ದು

ಜೂನ್ ತಿಂಗಳಿಗೆ ಒಂದಲ್ಲ, ಮೂರು ಜನ್ಮರತ್ನಗಳಿವೆ. ಮುತ್ತು, ಚಂದ್ರಕಾಂತ (ಮೂನ್‌ಸ್ಟೋನ್), ಅಲೆಕ್ಸಾಂಡ್ರೈಟ್. ಈ ತಿಂಗಳ ಪಟ್ಟಿಯನ್ನು 1912ರಲ್ಲಿ ಅಮೆರಿಕದ ಒಡವೆ ವ್ಯಾಪಾರಿಗಳು ಸೇರಿ ಗೊತ್ತುಮಾಡಿದರು. ಅಲೆಕ್ಸಾಂಡ್ರೈಟ್ ಅದಕ್ಕೆ ಸೇರಿದ್ದು 1952ರಲ್ಲಿ. ನಮ್ಮ ಕಡೆ ತಿಂಗಳು ನೋಡುವುದಿಲ್ಲ, ಜಾತಕ ನೋಡುತ್ತಾರೆ. ನವರತ್ನಗಳಲ್ಲಿ ಮುತ್ತು ಚಂದ್ರನಿಗೆ ಸೇರಿದ್ದು. ಬೆಳ್ಳಿಯಲ್ಲಿ ಕಟ್ಟಿಸಿ, ಸೋಮವಾರ ಕಿರುಬೆರಳಿಗೆ ಹಾಕಿಕೊಳ್ಳಿ ಅಂತಾರೆ. ಒಳ್ಳೆ ಮುತ್ತು ಕೊಳ್ಳಲು ಆಗದಿದ್ದರೆ ಉಪರತ್ನವಾಗಿ ಚಂದ್ರಕಾಂತ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಲೆಕ್ಕಾಚಾರಗಳಲ್ಲೂ ಈ ಎರಡೇ ಅಕ್ಕಪಕ್ಕ ಕೂತಿವೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ನಾನು ಜೂನ್‌ನಲ್ಲಿ ಹುಟ್ಟಿದವಳು. ಮೂರನ್ನೂ ಹಾಕಿ ನೋಡಿದ್ದೇನೆ.

ಅಲೆಕ್ಸಾಂಡ್ರೈಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಣಿಯಿಂದ ಬಂದ ಒಳ್ಳೆಯ ಕಲ್ಲು ನಮ್ಮಂಥವರ ಕೈಗೆ ಎಟುಕುವುದಿಲ್ಲ. ನನ್ನದು ಲ್ಯಾಬ್‌ನಲ್ಲಿ ಬೆಳೆಸಿದ್ದು. ಹಗಲಲ್ಲಿ ಹಸಿರು, ಹಳದಿ ಬಲ್ಬಿನ ಕೆಳಗೆ ಕೆಂಪು. ಕಲ್ಲುಗಳ ಗಟ್ಟಿತನ ಅಳೆಯುವ 1ರಿಂದ 10ರ ಮೋಸ್ ಮಾಪಕದಲ್ಲಿ ಇದರದು 8.5, ಹಾಗಾಗಿ ಗೀರು ಬೀಳುವ ಭಯವಿಲ್ಲ. ಆದರೆ ಬಣ್ಣ ತಿರುಗುವುದನ್ನು ನಾಲ್ಕು ಜನಕ್ಕೆ ತೋರಿಸಿದ ಮೇಲೆ ಅದರ ಜೊತೆ ನನಗೆ ನಂಟು ಬೆಳೆಯಲಿಲ್ಲ.

ಚಂದ್ರಕಾಂತ ಹಾಗಲ್ಲ. ಬೆರಳು ತಿರುಗಿಸಿದಂತೆ ಕಲ್ಲಿನೊಳಗೆ ನೀಲಿ ಬೆಳಕು ತೇಲುತ್ತದೆ. ಎರಡು ಬಗೆಯ ಫೆಲ್ಡ್‌ಸ್ಪಾರ್ ಖನಿಜಗಳು ತೆಳು ಪದರಗಳಾಗಿ ಒಂದರ ಮೇಲೊಂದು ಕೂತಿರುತ್ತವೆ. ಅವುಗಳ ನಡುವೆ ಬೆಳಕು ಚದುರಿದಾಗ ಹೀಗೆ ಕಾಣುತ್ತದೆ. ಗಟ್ಟಿತನ 6ರಿಂದ 6.5. ಮುತ್ತಿನದು 2.5ರಿಂದ 4.5 ಅಷ್ಟೇ. ದಿನಾ ಉಂಗುರ ಹಾಕುವವರಿಗೆ ಇಲ್ಲಿ ಚಂದ್ರಕಾಂತವೇ ಮೇಲು. ಪಾತ್ರೆ ತೊಳೆದೆ, ಹುಣಸೆಹಣ್ಣು ಕಿವುಚಿದೆ, ಏನೂ ಆಗಲಿಲ್ಲ. ಜೋರಾಗಿ ತಗುಲಿದರೆ ಮಾತ್ರ ಪದರದುದ್ದಕ್ಕೂ ಸೀಳಬಹುದು. ಅಂಚು ಮುಚ್ಚಿದ ಕಟ್ಟು ಹಾಕಿಸಿ.

ಇಷ್ಟೆಲ್ಲಾ ಇದ್ದರೂ ನನ್ನ ಮನಸ್ಸು ಮುತ್ತಿನ ಕಡೆಗೇ. ಉಳಿದವು ಕಲ್ಲು. ಇದು ಒಂದು ಜೀವ ತನ್ನೊಳಗೆ ಪದರ ಪದರವಾಗಿ ಕಟ್ಟಿದ್ದು. ಸಾಣೆ ಹಿಡಿಯಬೇಕಿಲ್ಲ, ಮುಖ ಕೊರೆಯಬೇಕಿಲ್ಲ. ಚಿಪ್ಪು ತೆರೆದಾಗಲೇ ಹೊಳಪು ತಯಾರಾಗಿರುತ್ತದೆ. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆ ಎಂಬ ನಮ್ಮ ಹಿರಿಯರ ಕಲ್ಪನೆ ಎಷ್ಟು ಚೆಂದ ಅಲ್ವಾ? ಚಿಪ್ಪಿನ ಮೈಯೊಳಗಿನ ಸಣ್ಣ ಗಾಯವೋ ಹುಳವೋ ಕಾರಣ ಅಂತ ಈಗ ಗೊತ್ತಾಗಿದೆ. ಅದರಿಂದ ಬೆರಗೇನೂ ಕಮ್ಮಿಯಾಗಿಲ್ಲ. ತೂತುಕುಡಿಯ ಸಮುದ್ರದಲ್ಲಿ ಉಸಿರು ಬಿಗಿಹಿಡಿದು ಮುಳುಗಿ ಚಿಪ್ಪು ತರುತ್ತಿದ್ದರು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್, ಪೇಟೆಯಲ್ಲಿ ಮುತ್ತು, ಮಾಣಿಕ್ಯ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದದ್ದನ್ನು ಬರೆದಿದ್ದಾನೆ. ಅದೆಲ್ಲ ತಾನಾಗಿ ಹುಟ್ಟಿದ ಮುತ್ತಿನ ಕಾಲ. ಜಪಾನಿನ ಮಿಕಿಮೊಟೊ 1893ರಲ್ಲಿ ಅರೆಗೋಳದ ಮುತ್ತು ಬೆಳೆಸಿ ತೋರಿಸಿದ. ನಾವು ಇವತ್ತು ಅಂಗಡಿಯಲ್ಲಿ ನೋಡುವುದು ಹೆಚ್ಚುಕಮ್ಮಿ ಎಲ್ಲವೂ ಬೆಳೆಸಿದ್ದೇ. ಚಾರ್‌ಮಿನಾರ್ ಪಕ್ಕದ ಪತ್ತರ್‌ಗಟ್ಟಿಯಲ್ಲಿ ಸಾಲಾಗಿ ನೇತುಬಿಟ್ಟ ಸರಗಳಲ್ಲೂ ಬಹುಪಾಲು ಚೀನಾದ ಸಿಹಿನೀರಿನವು.

ಸಿಹಿನೀರಿನದು ಅಂದರೆ ಕಳಪೆ ಅನ್ನುವವರನ್ನು ನಾನು ಒಪ್ಪುವುದಿಲ್ಲ. ನನ್ನ ಹತ್ತಿರ ಜಪಾನಿನ ಸಮುದ್ರದಲ್ಲಿ ಬೆಳೆಸಿದ ಅಕೋಯಾ ಮುತ್ತಿನ ಓಲೆ ಇದೆ. ಹೊಳಪಿನಲ್ಲಿ ಅದಕ್ಕೆ ಸಾಟಿಯಿಲ್ಲ, ಹತ್ತಿರ ಹಿಡಿದರೆ ಕಿಟಕಿಯ ಆಕಾರ ಕಾಣುತ್ತದೆ. ಗುಂಡಗೂ ಇದೆ. ಆದರೆ ಅದರೊಳಗೆ ಚಿಪ್ಪಿನಿಂದ ಮಾಡಿದ ಮಣಿ ಇಟ್ಟಿರುತ್ತಾರೆ, ಮುತ್ತಿನ ಪದರ ಮೇಲೆ ಮಾತ್ರ. ಸಿಹಿನೀರಿನ ಮುತ್ತುಗಳಲ್ಲಿ ಸಾಮಾನ್ಯವಾಗಿ ಮಣಿ ಇರುವುದಿಲ್ಲ, ಒಳಗಿನವರೆಗೂ ಮುತ್ತೇ. ಹೊಳಪು ಮೃದು, ಆಕಾರ ಸ್ವಲ್ಪ ಅಂಕುಡೊಂಕು. ದಿನಾ ಹಾಕಿದ ಸರ ಈಗಲೂ ಮಂಕಾಗಿಲ್ಲ. ಬೆಲೆಯೂ ಅಕೋಯಾಗಿಂತ ಎಷ್ಟೋ ಕಡಿಮೆ. ಮೊದಲ ಮುತ್ತು ಕೊಳ್ಳುವವರಿಗೆ ನಾನು ಇದನ್ನೇ ಹೇಳುವುದು. ಅಕೋಯಾ ಇರಲಿ, ಆದರೆ ಅದು ಮದುವೆ ಮನೆಗೆ.

ಗಾಜಿನ ಮುತ್ತೂ ಹಾಕಿದ್ದೇನೆ. ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಬಳಸುತ್ತಾ ಬಳಸುತ್ತಾ ತೂತಿನ ಸುತ್ತ ಬಣ್ಣ ಎದ್ದಿತು, ಬೆವರು ತಾಗುವ ಹಿಂಬದಿಯಲ್ಲಂತೂ ಸಿಪ್ಪೆ ಸುಲಿದ ಹಾಗೆ ಆಯಿತು. ಕೊಳ್ಳುವಾಗ ಎರಡು ಮುತ್ತನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿ ನೋಡಿ. ನಿಜವಾದ್ದು ಸಣ್ಣ ಮರಳಿನಂತೆ ತರಿತರಿ ಅನ್ನುತ್ತದೆ. ಗಾಜು ಜಾರುತ್ತದೆ. ಈ ಪರೀಕ್ಷೆಯಲ್ಲಿ ಬೆಳೆಸಿದ್ದು ಯಾವುದು, ತಾನಾಗಿ ಹುಟ್ಟಿದ್ದು ಯಾವುದು ಅಂತ ತಿಳಿಯುವುದಿಲ್ಲ. ಅದಕ್ಕೆ ಲ್ಯಾಬ್‌ನಲ್ಲಿ ಎಕ್ಸ್‌ರೇ ಬೇಕು. ಹಾಗಾಗಿ ಬಾಯಿಮಾತಿನ ‘ಹಳೇ ಬಸರಾ ಮುತ್ತು’ (ಪರ್ಷಿಯನ್ ಕೊಲ್ಲಿಯಲ್ಲಿ ತಾನಾಗಿ ಹುಟ್ಟಿದ್ದು) ನಂಬಿ ದೊಡ್ಡ ದುಡ್ಡು ಕೊಡಬೇಡಿ, ಸರ್ಟಿಫಿಕೇಟ್ ಕೇಳಿ.

ಜಾತಕದ ಮಾತು ನಂಬಿ ಉಂಗುರವನ್ನೇ ಹಾಕುವವರು ಅಡುಗೆಮನೆಗೆ ಹೋಗುವಾಗ ತೆಗೆದಿಡಿ. ಮುತ್ತು ಸುಣ್ಣದ ಜಾತಿಯದು, ನಿಂಬೆಹುಳಿ ತಾಗಿದರೆ ಮೇಲ್ಪದರ ಕರಗುತ್ತದೆ. ಸೆಂಟು, ಹೇರ್ ಸ್ಪ್ರೇ ಎಲ್ಲ ಮುಗಿದ ಮೇಲೆ ಮುತ್ತು ಹಾಕಿಕೊಳ್ಳಿ. ತೆಗೆಯುವಾಗ ಮೊದಲು ಅದನ್ನೇ ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಸರವಾದರೆ ಪ್ರತಿ ಮುತ್ತಿನ ನಡುವೆ ಗಂಟು ಹಾಕಿ ರೇಷ್ಮೆ ದಾರದಲ್ಲಿ ಪೋಣಿಸಲು ಹೇಳಿ. ಕೂಲಿ ಸ್ವಲ್ಪ ಜಾಸ್ತಿ ಆಗುತ್ತದೆ. ಆದರೆ ಬಸ್ಸಿನಲ್ಲಿ ಸರ ಕಿತ್ತರೂ ಒಂದೇ ಮುತ್ತು ಬೀಳುತ್ತದೆ.