ಹಳೇ ರಿಸೀವರ್‌ನಲ್ಲಿ 4ಕೆ ನೋಡೋಕೆ ಹೋಗಿ ಮೂರು ವಾರ ಒದ್ದಾಡಿದ್ದು: ಸೌಂಡ್‌ಗೆ ಪೂರ್ತಿ ಮಾರ್ಕ್ಸು, ವಿಡಿಯೋಗೆ ಇಲ್ಲ

ಪೂರ್ತಿ ಓದೋಕೆ ಟೈಮ್ ಇಲ್ದೋರಿಗೆ ಮೊದ್ಲೇ ಹೇಳ್ಬಿಡ್ತೀನಿ. 2015-16ರ ಕಾಲದ ಒಳ್ಳೇ ಏವಿ ರಿಸೀವರ್ (ಎಲ್ಲದರ ಸಿಗ್ನಲ್ ತಗೊಂಡು ಚಿತ್ರ ಟಿವಿಗೆ, ಸೌಂಡ್ ಸ್ಪೀಕರ್‌ಗಳಿಗೆ ಹಂಚೋ ಡಬ್ಬಿ) ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ರೆ ಧೈರ್ಯವಾಗಿ ತಗೊಳ್ಳಿ, ಆದ್ರೆ 4ಕೆ ಚಿತ್ರ ಅದರೊಳಗಿಂದ ಹಾದು ಟಿವಿಗೆ ಹೋಗೋ ತರ ವೈರಿಂಗ್ ಮಾಡ್ಬೇಡಿ. ಚಿತ್ರ ನೇರ ಟಿವಿಗೆ, ಸೌಂಡ್ ಮಾತ್ರ ರಿಸೀವರ್‌ಗೆ. ಇಷ್ಟು ಗೊತ್ತಾಗೋಕೆ ನಂಗೆ ಮೂರು ವಾರ ಹಿಡೀತು, ಅದಕ್ಕೇ ಬರೀತಿದೀನಿ. ಕಂಪನಿ ಹೆಸರು ಹಾಕ್ತಿಲ್ಲ, ಯಾಕಂದ್ರೆ ಇದು ಒಂದು ಕಂಪನಿ ಕಥೆ ಅಲ್ಲ, ಆಗ 4ಕೆ ಆಗಷ್ಟೇ ಕಾಲಿಡ್ತಿತ್ತು, ಆ ಎರಡು ಮೂರು ವರ್ಷದಲ್ಲಿ ಬಂದ ಎಷ್ಟೋ ರಿಸೀವರ್‌ಗಳಲ್ಲಿ ಇಂಥದ್ದೇ ಅರ್ಧಂಬರ್ಧ ವ್ಯವಸ್ಥೆ ಇತ್ತು.

ನಮ್ಮನೆ ಮೈಸೂರಲ್ಲಿ, 2014ರಲ್ಲಿ ಕಟ್ಟಿಸಿದ್ದು. ಹಾಲ್‌ನಲ್ಲಿ ಟಿವಿ ಒಂದು ಗೋಡೇಲಿ, ಸಾಮಾನೆಲ್ಲ ಇಡೋ ಶೋಕೇಸ್ ಪಕ್ಕದ ಗೋಡೇಲಿ, ಮಧ್ಯೆ ಪೈಪ್ ಒಳಗೆ ಆವತ್ತೇ ಎಲೆಕ್ಟ್ರಿಷಿಯನ್ ಕೈಲಿ ಎಳೆಸಿದ್ದ 25 ಅಡಿ ಎಚ್‌ಡಿಎಂಐ ಕೇಬಲ್ (ಚಿತ್ರ, ಸೌಂಡ್ ಎರಡನ್ನೂ ಒಟ್ಟಿಗೆ ಒಯ್ಯೋ ವೈರ್). ರಿಸೀವರ್ ಭಾವನ ಫ್ರೆಂಡ್ ಒಬ್ರದ್ದು, ಅವರು ಊರು ಬಿಟ್ಟು ಹೋಗ್ತಿದ್ರು, ಹದಿನಾರು ಸಾವಿರಕ್ಕೆ ಕೊಟ್ರು. 7.2 ಚಾನಲ್‌ದು, ಅಂದ್ರೆ ಏಳು ಸ್ಪೀಕರ್, ಎರಡು ಸಬ್‌ವೂಫರ್ ಹಾಕ್ಬಹುದು, ಇಬ್ರು ಹಿಡ್ಕೊಂಡು ಎತ್ತೋ ಅಷ್ಟು ಭಾರ. ನಾನು ಸದ್ಯಕ್ಕೆ 5.1 ಅಷ್ಟೇ ಹಾಕಿದೀನಿ.

ಸೌಂಡ್ ಬಗ್ಗೆ ಮೊದ್ಲು, ಯಾಕಂದ್ರೆ ಇಷ್ಟೆಲ್ಲ ಒದ್ದಾಡಿದ್ರೂ ಇದನ್ನ ವಾಪಸ್ ಕೊಡ್ಲಿಲ್ಲ ಅಂದ್ರೆ ಅದಕ್ಕೆ ಕಾರಣ ಸೌಂಡೇ. ಬಾಕ್ಸ್ ಜೊತೆ ಒಂದು ಪುಟ್ಟ ಮೈಕ್ ಬರತ್ತೆ, ಕೂತ್ಕೊಳ್ಳೋ ಜಾಗದಲ್ಲಿ ಕಿವಿ ಎತ್ತರಕ್ಕೆ ಅದನ್ನ ಇಟ್ರೆ ಪ್ರತಿ ಸ್ಪೀಕರ್‌ಗೂ ಸದ್ದು ಕಳಿಸಿ ದೂರ, ಲೆವೆಲ್ ಎಲ್ಲ ಅದೇ ಲೆಕ್ಕ ಹಾಕ್ಕೊಳತ್ತೆ. ಆಮೇಲೆ ನಾನು ಮಾಡಿದ್ದು ಒಂದೇ, ಸೆಂಟರ್ ಸ್ಪೀಕರ್ ಲೆವೆಲ್ 3 ಡೆಸಿಬೆಲ್ ಏರಿಸ್ದೆ. ನಮ್ಮಮ್ಮನಿಗೆ ಕಿವಿ ಸ್ವಲ್ಪ ಮಂದ, ಟಿವಿ ಸ್ಪೀಕರ್‌ನಲ್ಲಿ ಮಾತು ತಿಳಿಯಲ್ಲ ಅಂತ ವಾಲ್ಯೂಮ್ ಜಾಸ್ತಿ ಮಾಡಿದ್ರೆ ಮ್ಯೂಸಿಕ್ ಬಂದಾಗ ಮನೆ ಅದುರೋದು. ಈಗ ಮಾತು ಆ ಸೆಂಟರ್ ಸ್ಪೀಕರ್‌ನಿಂದ ಬೇರೆಯಾಗಿ ಬರೋದ್ರಿಂದ ಅಮ್ಮನಿಗೆ ಪ್ರತಿ ಪದ ಕೇಳತ್ತೆ, "ಈಗ ಸರಿಯಾಗಿ ಮಾತಾಡ್ತಾರೆ ಕಣೋ ಇವ್ರು" ಅಂದ್ರು ಮೊದಲ ದಿನ. ನಂಗೆ ಅಷ್ಟು ಸಾಕಾಗಿತ್ತು.

ಈಗ ತೊಂದ್ರೆ ಶುರು. ನೆಟ್‌ಫ್ಲಿಕ್ಸ್, ಯೂಟ್ಯೂಬ್ ತೋರಿಸೋ ಸ್ಟ್ರೀಮಿಂಗ್ ಸ್ಟಿಕ್‌ನ ರಿಸೀವರ್‌ಗೆ ಚುಚ್ಚಿ, ರಿಸೀವರ್‌ನಿಂದ ಗೋಡೆ ಕೇಬಲ್‌ನಲ್ಲಿ ಟಿವಿಗೆ ಕೊಟ್ಟೆ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ ಬೇಕಂದ್ರೆ ತಿಂಗಳಿಗೆ 649 ರೂಪಾಯಿ ಪ್ರೀಮಿಯಂ ಪ್ಲಾನೇ ಬೇಕು, ಅದನ್ನ ಕಟ್ತಿದೀನಿ, ಆದ್ರೂ ಯಾವ ಸಿನಿಮಾ ತೆಗೆದ್ರೂ ಬರೀ ಎಚ್‌ಡಿ ಅಂತ ತೋರ್ಸತ್ತೆ. ಮೊದಲ ವಾರ ಇಂಟರ್ನೆಟ್ ಮೇಲೇ ಅನುಮಾನ ಪಟ್ಟೆ. ಅವರು 4ಕೆಗೆ ಕೇಳೋದು 15 ಎಂಬಿಪಿಎಸ್, ಸ್ಟಿಕ್‌ನಲ್ಲೇ ಸ್ಪೀಡ್ ಟೆಸ್ಟ್ ಮಾಡಿದ್ರೆ 70 ಬರ್ತಿದೆ. ಅಲ್ಲಿಗೆ ನೆಟ್ ಅಲ್ಲ ಅಂತಾಯ್ತು. (ಒಂದು ಮಾತು: ಸ್ಟಿಕ್‌ನ ರಿಸೀವರ್ ಹಿಂದೆ ನೇರ ಚುಚ್ಚಿದ್ರೆ ಆ ತಗಡಿನ ಡಬ್ಬಿ ವೈಫೈ ಸಿಗ್ನಲ್‌ಗೆ ಅಡ್ಡ ಬರತ್ತೆ, ಸ್ಟಿಕ್ ಜೊತೆ ಕೊಟ್ಟಿರೋ ಮೋಟು ಎಕ್ಸ್‌ಟೆನ್ಷನ್ ಕೇಬಲ್ ಬಿಸಾಕ್ಬೇಡಿ, ಅದು ಇರೋದೇ ಅದಕ್ಕೆ. ಕರೆಂಟು ಕೂಡ ಅದರ ಜೊತೆ ಬಂದ ಅಡಾಪ್ಟರ್‌ನಿಂದಲೇ ಕೊಡಿ, ರಿಸೀವರ್ ಯುಎಸ್‌ಬಿಯಿಂದ ಬೇಡ.)

ದಾರಿ ಸಿಕ್ಕಿದ್ದು ಯೂಟ್ಯೂಬ್‌ನಿಂದ. ಅದರಲ್ಲಿ ಕಾಡಿನ ವಿಡಿಯೋ ಒಂದನ್ನ ಹಾಕಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ (ವಿಡಿಯೋದ ತಾಂತ್ರಿಕ ವಿವರ ತೋರಿಸೋ ಆಯ್ಕೆ) ಆನ್ ಮಾಡಿದ್ರೆ 3840 ಇಂಟು 2160 ಅಂತಿದೆ, ಟಿವಿ ರಿಮೋಟ್‌ನ ಇನ್ಫೋ ಬಟನ್ ಒತ್ತಿದ್ರೆ ಅಲ್ಲೂ 2160 ಅಂತಲೇ ಇದೆ. ಅಂದ್ರೆ 4ಕೆ ಸಿಗ್ನಲ್ ಹೋಗ್ತಿದೆ, ದುಡ್ಡು ಕೊಟ್ಟು ನೋಡೋ ಸಿನಿಮಾ ಮಾತ್ರ ಹೋಗ್ತಿಲ್ಲ. ಹಿಂಗಾದ್ರೆ ಮೊದ್ಲು ನೋಡ್ಬೇಕಾದ್ದು ಎಚ್‌ಡಿಸಿಪಿ. ಕಾಪಿ ಮಾಡ್ಬಾರ್ದು ಅಂತ ಹಾಕಿರೋ ಬೀಗ ಅದು, ಇಂಥಾ ಸಿನಿಮಾಗಳ 4ಕೆಗೆ ಅದರ 2.2 ವರ್ಷನ್ ಬೇಕೇ ಬೇಕು, ಅದೂ ಸ್ಟಿಕ್‌ಗೆ, ರಿಸೀವರ್‌ಗೆ, ಟಿವಿಗೆ ಮೂರಕ್ಕೂ. ಸಾಲಾಗಿ ನಿಂತು ಇಟ್ಟಿಗೆ ಕೈ ಬದಲಾಯಿಸ್ತಾರಲ್ಲ ಹಂಗೆ, ನಡುವಿನೋನು ಕೈ ಚಾಚ್ಲಿಲ್ಲ ಅಂದ್ರೆ ಇಟ್ಟಿಗೆ ಅಲ್ಲೇ ನಿಲ್ಲತ್ತೆ. ಸ್ಕ್ರೀನ್ ಕಪ್ಪಾಗತ್ತೆ, ಇಲ್ಲಾ ಸ್ಟಿಕ್ ತಾನೇ 1080ಕ್ಕೆ ಇಳಿಯತ್ತೆ.

ಟಾರ್ಚ್ ಹಾಕ್ಕೊಂಡು ರಿಸೀವರ್ ಬೆನ್ನು ನೋಡಿದೆ. ಏಳು ಇನ್‌ಪುಟ್ ಇದೆ, ಅದರಲ್ಲಿ ಮೊದಲ ಮೂರರ ಕೆಳಗೆ ಮಾತ್ರ ಸಣ್ಣಕ್ಷರದಲ್ಲಿ ಎಚ್‌ಡಿಸಿಪಿ 2.2 ಅಂತ ಪ್ರಿಂಟ್ ಆಗಿದೆ! ಔಟ್‌ಪುಟ್ ಎರಡಿದ್ರೂ ಮೇನ್ ಅನ್ನೋದಕ್ಕೆ ಮಾತ್ರ ಅದೇ ಗುರುತು. ನಾನು ಕೈಗೆ ಸುಲಭ ಸಿಗತ್ತೆ ಅಂತ ಸ್ಟಿಕ್‌ನ ಆರನೇದಕ್ಕೆ ಹಾಕಿದ್ದೆ. ಒಂದನೇದಕ್ಕೆ ಬದಲಾಯಿಸಿ, ಮೂರನ್ನೂ ಪ್ಲಗ್ ಕಿತ್ತು ಐದು ನಿಮಿಷ ಬಿಟ್ಟು, ಮೊದ್ಲು ಟಿವಿ, ಆಮೇಲೆ ರಿಸೀವರ್, ಕೊನೇಲಿ ಸ್ಟಿಕ್ ಆನ್ ಮಾಡಿದ್ಮೇಲೆ ಅಲ್ಟ್ರಾ ಎಚ್‌ಡಿ ಅಂತ ಬಂತು. ಅವತ್ತು ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಮಾರನೇ ದಿನ ನೋಡಿದ್ರೆ 4ಕೆ ಇದೆ, ಎಚ್‌ಡಿಆರ್ (ಬೆಳಕು, ನೆರಳು, ಬಣ್ಣ ಇನ್ನೂ ಚೆನ್ನಾಗಿ ತೋರಿಸೋದು) ಇಲ್ಲ. ಇದು ಸೆಟ್ಟಿಂಗ್ ವಿಷಯ, ಮತ್ತೆ ತುಂಬಾ ಜನ ಸಿಕ್ಕಾಕೊಳ್ಳೋದು ಇಲ್ಲೇ ಅನ್ಸತ್ತೆ. ರಿಸೀವರ್ ಮೆನುವಿನಲ್ಲಿ ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್ ಅಂತಲೋ 4ಕೆ ಮೋಡ್ ಅಂತಲೋ ಇರತ್ತೆ, ಅದು ಸ್ಟ್ಯಾಂಡರ್ಡ್‌ನಲ್ಲಿತ್ತು, ಎನ್‌ಹ್ಯಾನ್ಸ್ಡ್ ಮಾಡ್ಬೇಕು. ಟಿವಿಯಲ್ಲೂ ಹಂಗೇ, ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿದೆ, ಎಲ್‌ಜಿಯಲ್ಲಿ ಅಲ್ಟ್ರಾ ಎಚ್‌ಡಿ ಡೀಪ್ ಕಲರ್, ಸ್ಯಾಮ್‌ಸಂಗ್‌ನಲ್ಲಿ ಇನ್‌ಪುಟ್ ಸಿಗ್ನಲ್ ಪ್ಲಸ್, ಸೋನಿಯಲ್ಲಿ ಎನ್‌ಹ್ಯಾನ್ಸ್ಡ್ ಫಾರ್ಮ್ಯಾಟ್, ಅದನ್ನೂ ನೀವು ಬಳಸ್ತಿರೋ ಪೋರ್ಟ್‌ಗೆ ಬೇರೆಯಾಗಿ ಆನ್ ಮಾಡ್ಬೇಕು. ಎರಡೂ ಕಡೆ ಮಾಡಿದೆ. ಜೊತೆಗೆ ಪೆನ್‌ಡ್ರೈವ್‌ನಲ್ಲಿ ರಿಸೀವರ್ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಕೂಡ ಅಪ್‌ಡೇಟ್ ಮಾಡಿದೆ.

ಎಚ್‌ಡಿಆರ್ ಬಂತು, ಜೊತೆಗೆ ಹೊಸ ರೋಗಾನೂ ಬಂತು. ಚಿತ್ರದ ಮೇಲೆ ರಾಗಿ ಚೆಲ್ಲಿದ ಹಾಗೆ ಮಿಣಮಿಣ ಚುಕ್ಕೆ, ಎರಡು ಮೂರು ನಿಮಿಷಕ್ಕೊಂದ್ಸಲ ಸ್ಕ್ರೀನ್ ಎರಡು ಸೆಕೆಂಡ್ ಕಪ್ಪಾಗಿ ಸೌಂಡೂ ಹೋಗಿ ವಾಪಸ್ ಬರೋದು. ಸರ್ವಿಸ್ ಮಾಡೋರನ್ನ ಕರೆಸಿದೆ, ಅವರು ಬಂದು ಹತ್ತು ನಿಮಿಷ ನೋಡಿ "ಬೋರ್ಡ್ ಹೋಗಿದೆ ಸರ್, ಏಳೂವರೆ ಸಾವಿರ ಆಗತ್ತೆ" ಅಂದ್ರು. ಕೇಬಲ್ ಚೇಂಜ್ ಮಾಡಿ ನೋಡೋಣ್ವಾ ಅಂದ್ರೆ "ಕೇಬಲ್‌ನಲ್ಲಿ ಏನಿರತ್ತೆ ಸರ್, ಚಿತ್ರ ಬರ್ತಿದೆಯಲ್ಲ" ಅಂದ್ರು. ಇನ್ನೊಂದು ಕಡೆ ಅಂಗಡಿಯವರು ಆರು ಸಾವಿರದ ಚಿನ್ನದ ಬಣ್ಣದ ಪಿನ್ನಿನ ಕೇಬಲ್ ಮುಂದಿಟ್ರು. ಎರಡು ಕಡೇನೂ ನಂಗೆ ಬೇಜಾರಾಗಿದ್ದು ರೇಟ್‌ಗಲ್ಲ, ಟೆಸ್ಟ್ ಮಾಡದೇ ಹೇಳಿದ್ದಕ್ಕೆ. ಮನೆಗೆ ಬಂದು ಕಾಸು ತಗೊಳ್ಳೋರು ಬ್ಯಾಗಲ್ಲಿ ಒಂದು ಒಳ್ಳೇ ಮೋಟು ಕೇಬಲ್ ಇಟ್ಕೊಂಡಿರ್ಬೇಕು ಅಲ್ವಾ.

ಟೆಸ್ಟ್ ನಾವೇ ಮಾಡಿದ್ವಿ. ಭಾನುವಾರ ತಮ್ಮ ಬಂದಿದ್ದ, ಇಬ್ರೂ ರಿಸೀವರ್ ಎತ್ತಿ ಟಿವಿ ಪಕ್ಕದ ಸ್ಟೂಲ್ ಮೇಲೆ ಇಟ್ಟು, ಒಂದೂವರೆ ಮೀಟರ್ ಕೇಬಲ್‌ನಲ್ಲಿ ಟಿವಿಗೆ ಕೊಟ್ವಿ. ಒಂದು ಗಂಟೆ ಓಡಿಸಿದ್ರೂ ಒಂದು ಚುಕ್ಕೆ ಇಲ್ಲ, ಒಂದ್ಸಲ ಕಪ್ಪಾಗ್ಲಿಲ್ಲ. ಬೋರ್ಡ್ ಗಟ್ಟಿಯಾಗೇ ಇದೆ. ಬರೀ ಸ್ಟಿಕ್‌ನ ಗೋಡೆ ಕೇಬಲ್‌ಗೆ ಹಾಕಿ ನೋಡಿದ್ವಿ, ಚುಕ್ಕೆ ವಾಪಸ್. "ಅಣ್ಣಾ, ಕಳ್ಳ ಗೋಡೆ ಒಳಗಿದಾನೆ" ಅಂದ ತಮ್ಮ.

ಯಾಕೆ ಅಂತ ಆಮೇಲೆ ಕೂತು ಲೆಕ್ಕ ಹಾಕಿದೆ, ಇದು ಅರ್ಥ ಆದ್ರೆ ಬೇರೆಲ್ಲ ಅರ್ಥ ಆಗತ್ತೆ. ಆ ಕಾಲದ ಹೈ ಸ್ಪೀಡ್ ಅನ್ನೋ ಕೇಬಲ್‌ಗಳು ತಯಾರಾಗಿದ್ದು ಸೆಕೆಂಡಿಗೆ 10.2 ಗಿಗಾಬಿಟ್‌ಗೆ, ಎಚ್‌ಡಿಎಂಐ 1.4ರ ಲೆಕ್ಕ ಅದು. 2013ರಲ್ಲಿ ಬಂದ ಎಚ್‌ಡಿಎಂಐ 2.0ದು 18. 4ಕೆ, 60 ಫ್ರೇಮು, ಎಚ್‌ಡಿಆರ್ ಮೂರೂ ಒಟ್ಟಿಗೆ ಬಂದ್ರೆ ಕಲರ್ ಹೇಗೆ ಕಳಿಸ್ತೀವಿ ಅನ್ನೋದರ ಮೇಲೆ 11ರಿಂದ ಹೆಚ್ಚೂಕಮ್ಮಿ 18ರ ತನಕ ಹೋಗತ್ತೆ, ಸಿನಿಮಾದ 24 ಫ್ರೇಮ್ ಆದ್ರೆ 9ರ ಒಳಗೇ ಮುಗೀಬಹುದು. ಅದಕ್ಕೇ ಸ್ಟಿಕ್‌ನಲ್ಲಿ ಮ್ಯಾಚ್ ಫ್ರೇಮ್ ರೇಟ್ (ಸಿನಿಮಾದ ಫ್ರೇಮ್ ಎಷ್ಟೋ ಅಷ್ಟೇ ಕಳಿಸೋ ಸೆಟ್ಟಿಂಗ್) ಆನ್ ಮಾಡಿದಾಗ ಸಿನಿಮಾ ಸರಿಯಾಗಿ ಓಡಿ, 60 ಫ್ರೇಮ್‌ನ ಹೋಮ್ ಸ್ಕ್ರೀನ್‌ಗೆ ಬಂದ ತಕ್ಷಣ ಕಪ್ಪಾಗ್ತಿದ್ದಿದ್ದು! ಅದು ಮೊದಲೇ ಕಣ್ಣಿಗೆ ಬಿದ್ದಿತ್ತು, ನಾನು ಸ್ಟಿಕ್ ಹ್ಯಾಂಗ್ ಆಗತ್ತೆ ಅಂದ್ಕೊಂಡಿದ್ದೆ. ರಿಸೀವರ್ ಸ್ಟ್ಯಾಂಡರ್ಡ್‌ನಲ್ಲಿ ಇರೋವರೆಗೆ ಕೇಬಲ್ ಮೇಲೆ ಭಾರ ಬೀಳ್ತಿರ್ಲಿಲ್ಲ, ಹಂಗಾಗಿ ಒಂದು ತಪ್ಪು ಇನ್ನೊಂದನ್ನ ಮುಚ್ಚಿಟ್ಟಿತ್ತು. ಒಂದು ಸರಿ ಮಾಡಿದ್ಮೇಲೆ ಕೆಟ್ಟದಾಗಿ ಕಂಡ್ರೆ ಹಳೇ ಸೆಟ್ಟಿಂಗ್‌ಗೆ ವಾಪಸ್ ಹೋಗ್ಬೇಡಿ, ಮುಂದಿನ ಕೊಂಡಿ ಹುಡ್ಕಿ.

ಕೇಬಲ್ ಬದಲಾಯಿಸೋಣ ಅಂದ್ರೆ ಪೈಪ್ ಮುಕ್ಕಾಲು ಇಂಚಿಂದು, ಮಧ್ಯೆ ಎರಡು ಬೆಂಡ್, ಎಚ್‌ಡಿಎಂಐ ತಲೆ ತೂರಲ್ಲ. ಇಷ್ಟು ಉದ್ದಕ್ಕೆ 18 ಗಿಗಾಬಿಟ್ ತಾಮ್ರದಲ್ಲಿ ಕಷ್ಟ, ಫೈಬರ್ ಇರೋ ಆಕ್ಟಿವ್ ಕೇಬಲ್ ಬೇಕು, ಅದಕ್ಕೆ ದಿಕ್ಕಿದೆ, ಸೋರ್ಸ್ ಕಡೆ ಡಿಸ್ಪ್ಲೇ ಕಡೆ ಅಂತ ಬರೆದಿರತ್ತೆ, ಉಲ್ಟಾ ಹಾಕಿದ್ರೆ ಏನೂ ಬರಲ್ಲ, ತೀರಾ ಮಡಚಿದ್ರೆ ಮುರಿಯತ್ತೆ. ಪ್ಲಾಸ್ಟರ್ ಒಡೆಸೋದಾ ಅಂತ ಮನೇಲಿ ಮಾತಾಯ್ತು, ಹೆಂಡ್ತಿ "ಹೋದ ವರ್ಷ ತಾನೇ ಪೇಂಟ್ ಮಾಡ್ಸಿದ್ದು ರೀ" ಅಂದ್ಲು. ಸರಿಯಾದ ಮಾತೇ. ಅದೂ ಅಲ್ದೆ ಕೇಬಲ್ ಹಾಕಿಸಿದ್ರೂ ಈ ರಿಸೀವರ್ ಡಾಲ್ಬಿ ವಿಷನ್ (ಎಚ್‌ಡಿಆರ್‌ನ ಇನ್ನೂ ಮುಂದುವರಿದ ಬಗೆ) ಮುಂದಕ್ಕೆ ಬಿಡಲ್ಲ, ಸಾಮಾನ್ಯ ಎಚ್‌ಡಿಆರ್10 ಮಾತ್ರ. ಟಿವಿಯಲ್ಲಿ ಡಾಲ್ಬಿ ವಿಷನ್ ಇಟ್ಕೊಂಡು ನಡುವೆ ಈ ಡಬ್ಬಿಗೋಸ್ಕರ ಅದನ್ನ ಬಿಟ್ಕೊಡೋದು ನಂಗೆ ಒಪ್ಪಿಗೆ ಆಗ್ಲಿಲ್ಲ.

ಅಲ್ಲಿಗೆ ವೈರಿಂಗೇ ತಿರುಗಿಸಿದೆ. ಸ್ಟಿಕ್ ಈಗ ಟಿವಿ ಹಿಂದೆ. ಗೋಡೆ ಕೇಬಲ್‌ನ ಒಂದು ತುದಿ ರಿಸೀವರ್‌ನ ಮೇನ್ ಔಟ್‌ನಲ್ಲಿ, ಇನ್ನೊಂದು ಟಿವಿಯಲ್ಲಿ ಆರ್ಕ್ (ARC) ಅಂತ ಬರೆದಿರೋ ಪೋರ್ಟ್‌ನಲ್ಲಿ, ಸ್ಟಿಕ್ ಬೇರೆ ಪೋರ್ಟ್‌ನಲ್ಲಿ. ಆರ್ಕ್‌ನಲ್ಲಿ ಟಿವಿಯಿಂದ ರಿಸೀವರ್‌ಗೆ ಸೌಂಡ್ ಹಿಂದಕ್ಕೆ ಬರತ್ತೆ. ಸೌಂಡ್‌ಗೆ ಬೇಕಾಗಿರೋದು ತೀರಾ ಚಿಕ್ಕ ದಾರಿ, ನೆಟ್‌ಫ್ಲಿಕ್ಸ್ 5.1 ಹೆಚ್ಚಂದ್ರೆ 640 ಕೆಬಿಪಿಎಸ್, ಅಟ್ಮಾಸ್ (ತಲೆ ಮೇಲಿಂದಲೂ ಸದ್ದು ಬರೋ ಹಾಗೆ ಮಾಡೋದು) 768, ಗಿಗಾಬಿಟ್ ಅಲ್ಲ ಕಿಲೋಬಿಟ್. 4ಕೆ ಹೊರಲಾರದೆ ಕೈ ಚೆಲ್ಲಿದ್ದ ಅದೇ ಹಳೇ ಕೇಬಲ್ ಈಗ ತಿಂಗಳಿಂದ ಒಂದು ಸಲಾನೂ ತಕರಾರು ಮಾಡಿಲ್ಲ.

ಎರಡು ಸೆಟ್ಟಿಂಗ್ ಮರೀಬೇಡಿ. ಟಿವಿಯ ಡಿಜಿಟಲ್ ಆಡಿಯೋ ಔಟ್ ಪಿಸಿಎಂನಲ್ಲಿದ್ರೆ ಆರ್ಕ್‌ನಲ್ಲಿ ಬರೀ ಸ್ಟೀರಿಯೋ ಬರತ್ತೆ, ಆಟೋ ಇಲ್ಲಾ ಪಾಸ್ ಥ್ರೂ ಮಾಡಿ. ರಿಸೀವರ್‌ನಲ್ಲಿ ಎಚ್‌ಡಿಎಂಐ ಕಂಟ್ರೋಲ್ ಆನ್ ಇರ್ಲಿ, ಅದಿಲ್ದೆ ಬಹಳಷ್ಟು ರಿಸೀವರ್‌ಗಳಲ್ಲಿ ಆರ್ಕ್ ಏಳೋದೇ ಇಲ್ಲ. ಟಿವಿಯಲ್ಲಿ ಆರ್ಕ್ ಇಲ್ಲ ಅಂದ್ರೆ ಆಪ್ಟಿಕಲ್ (ಬೆಳಕಿನಲ್ಲಿ ಸೌಂಡ್ ಕಳಿಸೋ ಬೇರೆ ಕೇಬಲ್) ಕೂಡ ನಡೆಯತ್ತೆ, ಸಾಮಾನ್ಯ ಡಾಲ್ಬಿ ಡಿಜಿಟಲ್ 5.1 ಸಿಗತ್ತೆ, ಆದ್ರೆ ಡಾಲ್ಬಿ ಡಿಜಿಟಲ್ ಪ್ಲಸ್ ಅದರಲ್ಲಿ ಹಾಯಲ್ಲ, ಸ್ಟ್ರೀಮಿಂಗ್ ಅಟ್ಮಾಸ್ ಬರೋದೇ ಆ ಪ್ಲಸ್‌ನಲ್ಲಿ, ಆದ್ರಿಂದ ಅದೂ ಇಲ್ಲ.

ಯಾರು ಈ ತರ ಹಳೇದು ತಗೋಬಾರ್ದು ಅಂತನೂ ಹೇಳ್ಬೇಕು. 4ಕೆ 120 ಫ್ರೇಮ್ ಗೇಮ್ ಆಡೋರಿಗೆ ಎಚ್‌ಡಿಎಂಐ 2.1 ಬೇಕು, ಇದು ಆಗಲ್ಲ. ಬ್ಲೂರೇ ಡಿಸ್ಕ್ ಸಂಗ್ರಹ ಇದ್ದು ಪ್ಲೇಯರ್‌ನ ಟಿವಿಗೆ ಹಾಕೋರಾದ್ರೆ ಟ್ರೂಎಚ್‌ಡಿ (ಗುಣಮಟ್ಟ ಏನೂ ಕಳೆಯದ) ಸೌಂಡ್ ಮಾಮೂಲಿ ಆರ್ಕ್‌ನಲ್ಲಿ ಬರಲ್ಲ, ಆರ್ಕ್‌ನ ಮುಂದಿನ ರೂಪ ಇ-ಆರ್ಕ್ ಇರೋದು ನೋಡಿ. ನಮ್ಮನೇಲಿ ನೋಡೋದೆಲ್ಲ ಸ್ಟ್ರೀಮಿಂಗೇ, ಹಂಗಾಗಿ ಏನೂ ಕಳ್ಕೊಂಡಿಲ್ಲ. ಕೊಳ್ಳೋ ಮುಂಚೆ ಮಾರೋರ ಹತ್ರ ಹಿಂಭಾಗದ ಫೋಟೋ ಕೇಳಿ, ಔಟ್‌ಪುಟ್ ಪಕ್ಕ ಆರ್ಕ್ ಅಂತ ಇದೆಯಾ, ಕಿಟ್‌ನಲ್ಲಿ ಆ ಮೈಕ್ ಇದೆಯಾ ನೋಡ್ಕೊಳ್ಳಿ, ಒಂದು ಗಂಟೆ ಓಡಿಸಿ ಯಾವ ಚಾನಲ್ಲೂ ಕರಕರ ಅನ್ನಲ್ಲ ಅಂತ ಖಚಿತ ಮಾಡ್ಕೊಳ್ಳಿ. ಶೋಕೇಸ್ ಒಳಗೆ ಇಡೋದಾದ್ರೆ ಮೇಲೆ ಒಂದು ಗೇಣು ಜಾಗ ಬಿಡಿ, ಈ ಡಬ್ಬಿಗಳು ಸಿಕ್ಕಾಪಟ್ಟೆ ಬಿಸಿ ಆಗ್ತವೆ.

ಸೌಂಡ್‌ಗೆ ಐದಕ್ಕೆ ಐದು, 4ಕೆ ವಿಡಿಯೋಗೆ ಐದಕ್ಕೆ ಒಂದೂವರೆ, ಮ್ಯಾನುಯಲ್‌ಗೆ ಒಂದು, ಅಷ್ಟು ಮುಖ್ಯವಾದ ಸಿಗ್ನಲ್ ಫಾರ್ಮ್ಯಾಟ್ ಸೆಟ್ಟಿಂಗ್‌ನ ಹಿಂದಿನ ಪುಟಗಳಲ್ಲೆಲ್ಲೋ ಒಂದು ಸಾಲಲ್ಲಿ ಮುಗಿಸಿದಾರೆ. ಈಗ ಉಳಿದಿರೋದು ಒಂದೇ, ಒಂದು ಆಪ್‌ನಲ್ಲಿ ಮಾತ್ರ ತುಟಿ ಒಂದು ಕಡೆ ಮಾತು ಒಂದು ಕಡೆ, ಮಾತು ಸ್ವಲ್ಪ ತಡ, ಆರ್ಕ್‌ನಲ್ಲಿ ಇದು ಆಗೋದುಂಟು. ರಿಸೀವರ್‌ನಲ್ಲಿರೋ ಆಡಿಯೋ ಡಿಲೇ ಸೊನ್ನೆಗೆ ಇಳಿಸಿ, ಟಿವಿಯಲ್ಲಿ ಗೇಮ್ ಮೋಡ್ (ಚಿತ್ರ ತಡವಿಲ್ದೆ ತೋರಿಸೋದು) ಆಫ್ ಮಾಡಿದ್ಮೇಲೆ ಮುಕ್ಕಾಲು ಪಾಲು ಸರಿ ಹೋಗಿದೆ. ಈ ಭಾನುವಾರ ಮಿಕ್ಕಿದ್ದನ್ನ ಅಮ್ಮನ್ನ ಎದುರಿಗೆ ಕೂರಿಸ್ಕೊಂಡು ಸರಿ ಮಾಡ್ಬೇಕು, ಕಿವಿ ಮಂದ ಆದಾಗಿಂದ ಅವರು ತುಟಿ ನೋಡ್ಕೊಂಡೇ ಮಾತು ಹಿಡಿಯೋದು, ಹಂಗಾಗಿ ಅದು ಸರಿ ಇಲ್ಲ ಅಂತ ನನಗಿಂತ ಮೊದ್ಲು ಅವರಿಗೇ ಗೊತ್ತಾಗತ್ತೆ.